ಬಿಟ್ಟ ಕಡೆಯಿಂದ ಮತ್ತೆ

ವೈಯಕ್ತಿಕ ಗುರಿಗಳು ಹೆಚ್ಚಾಗಿ ನಡುದಾರಿಯಲ್ಲಿ ಕೈಬಿಟ್ಟು ಹೋಗುತ್ತವೆ. ಬೆಳಗಿನ ನಡಿಗೆ, ಸಕ್ಕರೆ ಬಿಡುವುದು, ಬೀಡಿ ಬಿಡುವುದು, ದಿನಕ್ಕೆ ಹತ್ತು ಪುಟ ಓದುವುದು, ಮದುವೆಯಾದ ಮೇಲೆ ನಿಂತುಹೋದ ಸಂಗೀತ ಪಾಠ, ತಿಂಗಳ ಉಳಿತಾಯ, ಇವುಗಳಲ್ಲಿ ಒಂದನ್ನೂ ಶುರು ಮಾಡದವರು ಅಪರೂಪ. ಶುರು ಮಾಡಿ, ಕೆಲವು ವಾರ ನಡೆಸಿ, ಒಂದು ಜ್ವರಕ್ಕೋ ನೆಂಟರ ಮದುವೆಗೋ ಬಿಡದೆ ಸುರಿದ ಮಳೆಗೋ ನಿಲ್ಲಿಸಿ, ಮತ್ತೆ ಹಿಡಿಯದೇ ಹೋದವರು ಬಹಳ ಮಂದಿ. ಅಂಥವರನ್ನು ಆರಂಭಶೂರರು ಎಂದು ಹಂಗಿಸುವುದು ರೂಢಿ. ನಿಜ ನೋಡಿದರೆ ಅವರಲ್ಲಿ ಕಡಿಮೆ ಬಿದ್ದದ್ದು ಆರಂಭಗಳೇ: ಎರಡನೆಯದು, ಮೂರನೆಯದು, ಹದಿನಾಲ್ಕನೆಯದು. ನಿಂತದ್ದನ್ನು ಮತ್ತೆ ಹಿಡಿಯುವುದು ಹೇಗೆ, ಅದಕ್ಕೆ ಯಾವುದು ನೆರವು, ಯಾವುದು ಅಡ್ಡಿ ಎಂಬುದರ ಬಗ್ಗೆ ಕಳೆದ ಐವತ್ತು ವರ್ಷಗಳಲ್ಲಿ ಮನಶ್ಶಾಸ್ತ್ರ ಸಾಕಷ್ಟು ಕೆಲಸ ಮಾಡಿದೆ. ಧರ್ಮಗಳೂ ಬೇಸಾಯವೂ ಅದಕ್ಕೆ ಎಷ್ಟೋ ಮೊದಲೇ ತಮ್ಮ ದಾರಿ ಕಂಡುಕೊಂಡಿದ್ದವು.

ಮೊದಲ ಪ್ರಶ್ನೆ ದಿನದ್ದು. ನಿಂತ ಕೆಲಸವನ್ನು ಮತ್ತೆ ಹಿಡಿಯಲು ಜನ ಹೊಸ ವರ್ಷಕ್ಕೋ ಹುಟ್ಟುಹಬ್ಬಕ್ಕೋ, ಏನೂ ಸಿಗದಿದ್ದರೆ ಸೋಮವಾರಕ್ಕೋ ಕಾಯುತ್ತಾರೆ. ಆದರೆ ಹೊಸ ವರ್ಷವೆಂಬುದು ಜನ ಕೂಡಿ ಒಪ್ಪಿಕೊಂಡ ದಿನ, ಅಷ್ಟೆ. ಇಂಗ್ಲೆಂಡಿನಲ್ಲಿ 1752ಕ್ಕೆ ಮೊದಲು ಕಾನೂನಿನ ಲೆಕ್ಕದ ವರ್ಷ ಮಾರ್ಚ್ 25ಕ್ಕೆ ಶುರುವಾಗುತ್ತಿತ್ತು. ಭಾರತ ಸರ್ಕಾರ 1957ರಲ್ಲಿ ರಾಷ್ಟ್ರೀಯ ಪಂಚಾಂಗವನ್ನು ಜಾರಿಗೆ ತಂದಾಗ ಚೈತ್ರದ ಮೊದಲ ದಿನವನ್ನು ಮಾರ್ಚ್ 22ಕ್ಕೆ, ಅಧಿಕ ದಿನದ ವರ್ಷವಾದರೆ 21ಕ್ಕೆ, ಕಟ್ಟಿಹಾಕಿತು. ಅದೇ ಸರ್ಕಾರದ ಆಯವ್ಯಯಕ್ಕೆ ಹೊಸ ವರ್ಷ ಏಪ್ರಿಲ್ 1. ಕರ್ನಾಟಕ ಒಂದರಲ್ಲೇ ಬಯಲುಸೀಮೆಯವರು ಚಾಂದ್ರಮಾನ ಯುಗಾದಿಗೆ ಬೇವುಬೆಲ್ಲ ತಿಂದರೆ, ತುಳುನಾಡಿನವರು ಏಪ್ರಿಲ್ ನಡುವಿನ ಬಿಸು ಪರ್ಬಕ್ಕೆ ಕಣಿ ಇಡುತ್ತಾರೆ, ಕೊಡಗಿನವರಿಗೆ ಆ ಹೊತ್ತಿಗೆ ಎಡಮ್ಯಾರ್. ಪೇಟೆಯ ಎಷ್ಟೋ ಅಂಗಡಿಗಳಲ್ಲಿ ಹೊಸ ಖಾತೆ ಪುಸ್ತಕಕ್ಕೆ ಕುಂಕುಮ ಬೀಳುವುದು ದೀಪಾವಳಿಯಲ್ಲಿ. ಶಾಲೆಯ ಮಕ್ಕಳಿಗೆ ವರ್ಷ ತೆರೆಯುವುದು ಮುಂಗಾರಿನ ಜೊತೆಗೆ. ಮೊಹರಂ ಪ್ರತಿ ವರ್ಷ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತಾ ಬೇರೆಬೇರೆ ಋತುಗಳಲ್ಲಿ ಹೊಸ ವರ್ಷ ತರುತ್ತದೆ. ಒಂದೇ ಬೀದಿಯಲ್ಲಿ ವರ್ಷಕ್ಕೆ ಐದಾರು ಹೊಸ ವರ್ಷಗಳು ಬಂದುಹೋಗುವಾಗ, ಶುರು ಮಾಡಲು ದಿನ ಸಿಗಲಿಲ್ಲ ಎಂಬ ನೆಪ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಒಳ್ಳೆಯ ದಿನದ ನಂಬಿಕೆಗೂ ತನ್ನದೇ ಉಪಯೋಗವಿದೆ. ಯುಗಾದಿ, ಅಕ್ಷಯ ತದಿಗೆ, ವಿಜಯದಶಮಿಗಳು ಪೂರ್ತಿ ಮುಹೂರ್ತಗಳು, ಬಲಿಪಾಡ್ಯಮಿ ಅರ್ಧ. ಈ ಮೂರೂವರೆ ದಿನಗಳಲ್ಲಿ ಪಂಚಾಂಗ ನೋಡದೆ ಕೆಲಸ ಶುರು ಮಾಡಬಹುದು ಎಂಬುದು ನಡೆದುಬಂದ ಮಾತು. ವಿಜಯದಶಮಿಯಂದು ಮಗುವಿನ ಕೈಹಿಡಿದು ಅಕ್ಕಿಯ ಮೇಲೆ ಅಕ್ಷರ ಬರೆಸುವ ಮನೆಗೆ ಆ ದಿನ ನೆನಪಿನಲ್ಲಿ ಉಳಿಯುತ್ತದೆ, ಕೆಲಸಕ್ಕೆ ಒಂದು ಘನತೆ ಬರುತ್ತದೆ. ತೊಂದರೆ ಇರುವುದು ಇದೇ ಲೆಕ್ಕವನ್ನು ಎಲ್ಲದಕ್ಕೂ ಎಳೆಯುವುದರಲ್ಲಿ. ಆಷಾಢದಲ್ಲಿ ಬೇಡ, ಪಿತೃಪಕ್ಷದಲ್ಲಿ ಬೇಡ, ಶೂನ್ಯಮಾಸದಲ್ಲಿ ಬೇಡ, ಇವತ್ತು ರಾಹುಕಾಲ ಬಂತು ಎನ್ನುತ್ತಾ ಹೋದರೆ ವರ್ಷದಲ್ಲಿ ಉಳಿಯುವ ದಿನಗಳು ಬೆರಳೆಣಿಕೆಗೆ ಇಳಿಯುತ್ತವೆ. ಸಂಪ್ರದಾಯ ಇಷ್ಟು ಬಿಗಿಯಾಗಿರಲಿಲ್ಲ. ಮದುವೆ, ಗೃಹಪ್ರವೇಶಗಳಿಗೆ ಮುಹೂರ್ತ ಬೇಕು. ಸ್ನಾನ, ಸಂಧ್ಯೆ, ಊಟ, ಔಷಧಗಳಿಗೆ ಯಾರೂ ಮುಹೂರ್ತ ಇಡಿಸಲಿಲ್ಲ. ಬೆಳಗಿನ ನಡಿಗೆ, ರಾತ್ರಿಯ ಓದು ಎರಡನೆಯ ಗುಂಪಿಗೆ ಸೇರಿದವು.

ದಿನದ ಮಹಿಮೆಯನ್ನು ಅಳತೆಗೆ ಒಡ್ಡಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಹೆಂಗ್‌ಚೆನ್ ಡೈ, ಕ್ಯಾಥರಿನ್ ಮಿಲ್ಕ್‌ಮನ್, ಜೇಸನ್ ರೀಸ್ ಎಂಬ ಮೂವರು ಅಮೆರಿಕದಲ್ಲಿ ಮೂರು ಬಗೆಯ ದಾಖಲೆಗಳನ್ನು ನೋಡಿದರು: ಗೂಗಲ್‌ನಲ್ಲಿ ಪಥ್ಯದ ಬಗ್ಗೆ ನಡೆದ ಹುಡುಕಾಟ, ಒಂದು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಜಿಮ್ ಹಾಜರಿ, ಗುರಿ ತಪ್ಪಿದರೆ ದಂಡ ಕಟ್ಟುವುದಾಗಿ ಜನ ಬರೆದುಕೊಟ್ಟ ಕರಾರುಗಳು. ಮೂರರಲ್ಲೂ ವಾರದ ಮೊದಲಲ್ಲಿ, ತಿಂಗಳ ಮೊದಲಲ್ಲಿ, ವರ್ಷದ ಮೊದಲಲ್ಲಿ ಏರಿಕೆ ಕಂಡಿತು. ಹುಟ್ಟುಹಬ್ಬದ ನಂತರವೂ ಜಿಮ್ ತುಂಬುತ್ತಿತ್ತು, ಇಪ್ಪತ್ತೊಂದನೆಯದೊಂದನ್ನು ಬಿಟ್ಟು. ಅಮೆರಿಕದಲ್ಲಿ ಕಾನೂನು ಪ್ರಕಾರ ಕುಡಿಯಲು ಅನುಮತಿ ಸಿಗುವುದು ಆ ವಯಸ್ಸಿಗೆ ಎಂಬುದನ್ನು ನೆನೆದರೆ ಕಾರಣ ಊಹಿಸುವುದು ಕಷ್ಟವಲ್ಲ. ಇಂಥ ದಿನಗಳು ಕಾಲದ ಹಾದಿಯಲ್ಲಿ ಮೈಲಿಗಲ್ಲಿನಂತೆ ನಿಂತು, ಹಿಂದಿನ ಸೋಲುಗಳನ್ನು 'ಹಳೆಯ ನಾನು' ಎಂಬ ಖಾತೆಗೆ ಹಾಕುತ್ತವೆ ಎಂಬುದು ಸಂಶೋಧಕರ ವಿವರಣೆ. ಮನುಷ್ಯ ಆಗ ತನ್ನನ್ನು ಸ್ವಲ್ಪ ಮೇಲಿನಿಂದ ನೋಡಿಕೊಳ್ಳುತ್ತಾನೆ, ದಿನದ ಗಡಿಬಿಡಿ ಮರೆತು ಬದುಕಿನ ಒಟ್ಟು ದಿಕ್ಕಿನ ಬಗ್ಗೆ ಯೋಚಿಸುತ್ತಾನೆ.

ಅದೇ ತಂಡ 2015ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗ ಹೆಚ್ಚು ಕೆಲಸಕ್ಕೆ ಬರುವಂಥದು. ಮಾರ್ಚ್ 20ನ್ನು ಕೆಲವರಿಗೆ 'ಮಾರ್ಚ್ ತಿಂಗಳ ಮೂರನೆಯ ಗುರುವಾರ' ಎಂದೂ ಇನ್ನು ಕೆಲವರಿಗೆ 'ವಸಂತದ ಮೊದಲ ದಿನ' ಎಂದೂ ತೋರಿಸಲಾಯಿತು. ದಿನ ಒಂದೇ. ವಸಂತದ ಹೆಸರು ಕೇಳಿದವರಲ್ಲಿ ಆ ದಿನ ತಮ್ಮ ಗುರಿಯನ್ನು ಶುರು ಮಾಡಲು ಒಲವು ತೋರಿದವರು ಹೆಚ್ಚು. ಅಂದರೆ ಬಲ ಇರುವುದು ದಿನಕ್ಕೆ ಇಟ್ಟ ಹೆಸರಿನಲ್ಲಿ, ಹೆಸರನ್ನು ಯಾವ ದಿನಕ್ಕೆ ಬೇಕಾದರೂ ಇಡಬಹುದು. ಸಂಬಳದ ದಿನ, ಮಗಳು ಹಾಸ್ಟೆಲಿಗೆ ಹೋದ ಮರುದಿನ, ಕನ್ನಡಕ ಬದಲಾದ ದಿನ, ಆರಿದ್ರ ಮಳೆ ಹುಟ್ಟಿದ ದಿನ, ಎಲ್ಲವೂ ನಡೆಯುತ್ತದೆ. ಕೃಷಿಕರ ಲೆಕ್ಕದಲ್ಲಂತೂ ವರ್ಷಕ್ಕೆ 27 ಮಳೆ ನಕ್ಷತ್ರಗಳು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹೊಸ ಗಡಿ ಎಂದೂ ಎರಡು ವಾರಕ್ಕಿಂತ ದೂರ ಇರುವುದಿಲ್ಲ.

ಈ ಅಧ್ಯಯನಗಳನ್ನು ಜನಪ್ರಿಯ ಪುಸ್ತಕಗಳು ಅಗತ್ಯಕ್ಕಿಂತ ದೊಡ್ಡದು ಮಾಡಿ ಹೇಳಿವೆ. ಅವು ಅಳೆದದ್ದು ಶುರುವನ್ನು. ಮುಂದೆ ಎಷ್ಟು ದಿನ ನಡೆಯಿತು ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಹಳೆಯದೊಂದು ಉತ್ತರವಿದೆ. ಅಮೆರಿಕದ ಸ್ಕ್ರ್ಯಾಂಟನ್ ವಿಶ್ವವಿದ್ಯಾಲಯದ ಜಾನ್ ನಾರ್‌ಕ್ರಾಸ್ ಮತ್ತು ಸಂಗಡಿಗರು 1980ರ ದಶಕದಲ್ಲಿ ಹೊಸ ವರ್ಷದ ಸಂಕಲ್ಪ ಮಾಡಿದ 200 ಜನರನ್ನು ಎರಡು ವರ್ಷ ಹಿಂಬಾಲಿಸಿದರು. ಮೊದಲ ವಾರ ದಾಟಿದವರು ಶೇಕಡ 77. ಎರಡು ವರ್ಷದ ಕೊನೆಗೆ ಉಳಿದವರು ಶೇಕಡ 19. ಪತ್ರಿಕೆಗಳು ಪ್ರತಿ ಜನವರಿಯಲ್ಲಿ ಹೇಳುವುದು ಇಷ್ಟನ್ನೇ, ಸೋಲಿನ ಕಥೆಯಾಗಿ. ಆದರೆ ಆ ಶೇಕಡ 19ರ ಒಳಗೇ ಒಂದು ಮುಖ್ಯ ಸಂಗತಿ ಅಡಗಿದೆ. ಗೆದ್ದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ, ಶೇಕಡ 53, ಒಮ್ಮೆಯಾದರೂ ಜಾರಿದ್ದರು; ಎರಡು ವರ್ಷಗಳಲ್ಲಿ ಜಾರಿದ ಸರಾಸರಿ 14 ಸಲ. ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ಜಾರಿದ ಮರುದಿನ ಏನು ಮಾಡಿದರು ಎಂಬುದರಲ್ಲಿತ್ತು.

ಲಂಡನ್ನಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಅಚ್ಚಾದ ಅಧ್ಯಯನವೂ ಇದೇ ಕಡೆಗೆ ಬೆರಳು ತೋರುತ್ತದೆ. 96 ಜನರು ಊಟದ ಜೊತೆ ನೀರು ಕುಡಿಯುವುದು, ಹಣ್ಣು ತಿನ್ನುವುದು, ಸಂಜೆ ಓಡುವುದು ಮುಂತಾದ ಒಂದೊಂದು ಕೆಲಸವನ್ನು 12 ವಾರ ಮಾಡಿ, ಅದು ಎಷ್ಟರಮಟ್ಟಿಗೆ ತಾನಾಗಿ ಆಗುತ್ತಿದೆ ಎಂದು ದಿನದಿನ ಬರೆದಿಟ್ಟರು. ರೂಢಿ ಬಲಿಯಲು ಹಿಡಿದ ಕಾಲ ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ, ಲೆಕ್ಕ ಮುಂದುವರಿಸಿ ನೋಡಿದಾಗ, 254 ದಿನ. ನಡುವಿನ ಬೆಲೆ 66. ಎಲ್ಲೆಡೆ ಕೇಳಿಬರುವ '21 ದಿನ'ದ ಮಾತಿಗೆ ಇಲ್ಲಿ ಆಧಾರವಿಲ್ಲ. ಆ ಸಂಖ್ಯೆ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದ ಪುಸ್ತಕದಿಂದ ಹರಡಿದ್ದು. ಶಸ್ತ್ರಚಿಕಿತ್ಸೆಯಾದ ಮೇಲೆ ತಮ್ಮ ಹೊಸ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ಕನಿಷ್ಠ ಅಷ್ಟು ದಿನ ಬೇಕಾಗುತ್ತಿತ್ತು ಎಂದು ಆತ ಕಂಡಿದ್ದ. ಮುಖಕ್ಕೆ ಹೇಳಿದ್ದು ವ್ಯಾಯಾಮಕ್ಕೂ ಧ್ಯಾನಕ್ಕೂ ಹೇಗೆ ಅಂಟಿಕೊಂಡಿತೋ. ಲ್ಯಾಲಿ ತಂಡ ಕಂಡ ಇನ್ನೊಂದು ಸಂಗತಿ ಅಷ್ಟಾಗಿ ಪ್ರಚಾರವಾಗಲಿಲ್ಲ: ನಡುವೆ ಒಂದು ದಿನ ತಪ್ಪಿದರೆ ರೂಢಿ ಬಲಿಯುವ ಕ್ರಿಯೆಗೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ.

ತಪ್ಪಿದ ಒಂದು ದಿನದಿಂದ ಇಷ್ಟು ಕಡಿಮೆ ನಷ್ಟವಾಗುವುದಾದರೆ, ಅಷ್ಟಕ್ಕೇ ಇಡೀ ಸಂಕಲ್ಪ ಕುಸಿಯುವುದೇಕೆ? ಒಂದು ಮದುವೆಯ ಊಟದ ಪಂಕ್ತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೂರು ತಿಂಗಳಿಂದ ಸಿಹಿ ಮುಟ್ಟದ ಮಧುಮೇಹಿಯೊಬ್ಬರು ಎಲೆಯ ಮುಂದೆ ಕೂರುತ್ತಾರೆ. ಹೋಳಿಗೆ ಬಡಿಸುವವನು ಬಂದಾಗ ಕೈ ಅಡ್ಡ ಹಿಡಿಯುತ್ತಾರೆ. "ಒಂದೇ ಒಂದು, ಶಾಸ್ತ್ರಕ್ಕೆ" ಎಂದು ಅವನು ಹಾಕಿಯೇ ಬಿಡುತ್ತಾನೆ, ಮೇಲೆ ತುಪ್ಪವೂ ಬೀಳುತ್ತದೆ. ಅರ್ಧ ತಿಂದ ಮೇಲೆ ಒಳಗಿನಿಂದ ಮಾತು ಬರುತ್ತದೆ: ಹೇಗೂ ಇವತ್ತು ಕೆಟ್ಟಿತು. ಆಮೇಲೆ ಇನ್ನೊಂದು ಹೋಳಿಗೆ, ಪಾಯಸ, ಹೋಗುವಾಗ ಬೀಡಾ ಜೊತೆ ಐಸ್‌ಕ್ರೀಮ್. ಮರುದಿನ ಉಳಿದ ಹೋಳಿಗೆ ಮನೆಗೆ ಬರುತ್ತದೆ. ಪಥ್ಯ 'ಸೋಮವಾರದಿಂದ' ಎಂದು ಮುಂದಕ್ಕೆ ಹೋಗುತ್ತದೆ. ಅರ್ಧ ಹೋಳಿಗೆ ಮಾಡಿದ ಹಾನಿ ಅಲ್ಪ. ಅದರ ಹಿಂದೆ ಬಂದ 'ಹೇಗೂ ಕೆಟ್ಟಿತು' ಮಾಡಿದ್ದೇ ಹೆಚ್ಚು.

ಪೀಟರ್ ಹರ್ಮನ್ ಮತ್ತು ಡೆಬೊರಾ ಮ್ಯಾಕ್ 1975ರಲ್ಲಿ ಪ್ರಯೋಗಾಲಯದಲ್ಲಿ ಕಂಡದ್ದು ಇದನ್ನೇ. ಮೊದಲು ಮಿಲ್ಕ್‌ಶೇಕ್ ಕೊಟ್ಟು, ನಂತರ ರುಚಿ ನೋಡುವ ನೆಪದಲ್ಲಿ ಐಸ್‌ಕ್ರೀಮ್ ಮುಂದಿಟ್ಟಾಗ, ಸಾಮಾನ್ಯ ಜನ ಹೊಟ್ಟೆ ತುಂಬಿದಷ್ಟೂ ಕಡಿಮೆ ತಿಂದರು. ಸದಾ ಪಥ್ಯದ ಚಿಂತೆಯಲ್ಲಿರುವವರು ಮಿಲ್ಕ್‌ಶೇಕ್ ಕುಡಿದ ಮೇಲೆ ಇನ್ನೂ ಹೆಚ್ಚು ತಿಂದರು. ಅವರ ಕಟ್ಟು ಒಡೆದಾಗಿತ್ತು. ಮದ್ಯವ್ಯಸನದ ಚಿಕಿತ್ಸೆಯಲ್ಲಿ ಅಲನ್ ಮಾರ್ಲಾಟ್ 1985ರಲ್ಲಿ ಜುಡಿತ್ ಗಾರ್ಡನ್ ಜೊತೆ ತಂದ ಗ್ರಂಥ ಜಾರುವುದನ್ನೂ ಬೀಳುವುದನ್ನೂ ಬೇರೆಬೇರೆ ಮಾಡಿ ತೋರಿಸಿತು. ಒಂದು ಗ್ಲಾಸ್ ಕುಡಿದದ್ದು ಜಾರಿದ್ದು. ಅದಕ್ಕೆ ತನ್ನ ಹುಟ್ಟುಗುಣವನ್ನೇ ಕಾರಣ ಮಾಡಿಕೊಂಡು 'ನನ್ನ ಕೈಲಾಗದು' ಎಂದುಕೊಂಡವರು ಬೀಳುತ್ತಾರೆ. 'ಹಳೆಯ ಗೆಳೆಯರ ಜೊತೆ, ಆ ಬಾರಿನ ಮುಂದೆ, ಸಂಬಳದ ದಿನ' ಎಂದು ಸಂದರ್ಭವನ್ನು ಗುರುತಿಸಿದವರಿಗೆ ಎದ್ದು ನಿಲ್ಲುವುದು ಸುಲಭ. ತನ್ನನ್ನು ಬೈದುಕೊಂಡರೆ ಬುದ್ಧಿ ಬರುತ್ತದೆ ಎಂಬ ಲೋಕರೂಢಿಗೂ ಇಲ್ಲಿ ಪುಷ್ಟಿ ಸಿಗುವುದಿಲ್ಲ. ಕೆನಡಾದ ಮೈಕಲ್ ವೋಲ್, ತಿಮೊಥಿ ಪಿಚಿಲ್, ಶಾನನ್ ಬೆನೆಟ್ 2010ರಲ್ಲಿ ವರದಿ ಮಾಡಿದಂತೆ, ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡ ವಿದ್ಯಾರ್ಥಿಗಳೇ ಎರಡನೆಯ ಪರೀಕ್ಷೆಗೆ ಕಡಿಮೆ ಕಾಲಹರಣ ಮಾಡಿದರು.

ಧರ್ಮಗಳು ಈ ಮನುಷ್ಯ ಸ್ವಭಾವವನ್ನು ಮೊದಲೇ ಅರಿತು ಮರಳುವ ದಾರಿಯನ್ನು ನಿಯಮದ ಒಳಗೇ ಇಟ್ಟಿದ್ದವು. ರಂಜಾನ್‌ನಲ್ಲಿ ಕಾಯಿಲೆಯಿಂದಲೋ ಪ್ರಯಾಣದಿಂದಲೋ ತಪ್ಪಿದ ಉಪವಾಸವನ್ನು ಬೇರೆ ದಿನಗಳಲ್ಲಿ ಎಣಿಸಿ ತೀರಿಸಬಹುದು. ತಪ್ಪಿತೆಂದು ಉಳಿದ ದಿನಗಳನ್ನು ಬಿಟ್ಟುಬಿಡುವ ಪ್ರಶ್ನೆಯಿಲ್ಲ. ವ್ರತಭಂಗವಾದರೆ ಪ್ರಾಯಶ್ಚಿತ್ತ ಮಾಡಿಕೊಂಡು ಮುಂದುವರಿಸುವ ವಿಧಿ ವೈದಿಕ ಆಚರಣೆಯಲ್ಲಿದೆ. ಜೈನರ ಪ್ರತಿಕ್ರಮಣ ಇವೆಲ್ಲಕ್ಕಿಂತ ಕ್ರಮಬದ್ಧ. ದಿನಕ್ಕೆ ಎರಡು ಬಾರಿ, ಪಕ್ಷಕ್ಕೊಮ್ಮೆ, ನಾಲ್ಕು ತಿಂಗಳಿಗೊಮ್ಮೆ, ವರ್ಷಕ್ಕೊಮ್ಮೆ ತನ್ನಿಂದಾದ ತಪ್ಪುಗಳನ್ನು ನೆನೆದು, ಒಪ್ಪಿಕೊಂಡು, ವ್ರತಕ್ಕೆ ಹಿಂದಿರುಗುವ ಆಚರಣೆ ಅದು. ವರ್ಷದ ಲೆಕ್ಕ ದೊಡ್ಡದಾಗಿ ನಡೆಯುತ್ತದೆ, ಆದರೆ ಅದಕ್ಕಾಗಿ ವರ್ಷವಿಡೀ ಕಾಯಬೇಕಾಗಿಲ್ಲ. ಸಂಜೆಯ ಲೆಕ್ಕ ಸಂಜೆಗೇ ಮುಗಿಯುತ್ತದೆ. ಜಾರಿದ ಗಳಿಗೆಗೂ ಮರಳುವ ಗಳಿಗೆಗೂ ನಡುವಿನ ಅಂತರವನ್ನು ಅರ್ಧ ದಿನಕ್ಕೆ ಇಳಿಸಿದ ಈ ಏರ್ಪಾಡಿಗೆ ಸಾಟಿಯಾದದ್ದು ಆಧುನಿಕ ಮನಶ್ಶಾಸ್ತ್ರದಲ್ಲಿ ಕಡಿಮೆ.

ವ್ಯಕ್ತಿಗಳ ಮಟ್ಟದಲ್ಲಿ ಇಂಥ ಲೆಕ್ಕವನ್ನು ಬರೆದಿಟ್ಟವರಲ್ಲಿ ಬೆಂಜಮಿನ್ ಫ್ರಾಂಕ್ಲಿನ್ ಹೆಸರುವಾಸಿ. 1706ರಿಂದ 1790ರವರೆಗೆ ಬದುಕಿದ್ದ ಈ ಅಮೆರಿಕನ್ ಮುದ್ರಕ ಮಿತಾಹಾರ, ಮೌನ, ಅಚ್ಚುಕಟ್ಟು, ಮಿತವ್ಯಯ, ವಿನಯ ಮೊದಲಾದ ಹದಿಮೂರು ಗುಣಗಳನ್ನು ಆರಿಸಿಕೊಂಡು ಒಂದು ಪುಟ್ಟ ಪುಸ್ತಕ ಮಾಡಿದ. ಪುಟಕ್ಕೆ ಕೆಂಪು ಶಾಯಿಯಲ್ಲಿ ಏಳು ಕಂಬ, ದಿನಕ್ಕೊಂದು; ಅಡ್ಡಕ್ಕೆ ಹದಿಮೂರು ಸಾಲು. ತಪ್ಪಿದಾಗಲೆಲ್ಲ ಆ ಮನೆಯಲ್ಲಿ ಒಂದು ಕಪ್ಪು ಚುಕ್ಕೆ. ವಾರಕ್ಕೊಂದು ಗುಣದ ಮೇಲೆ ಹೆಚ್ಚು ಗಮನ. ಹದಿಮೂರು ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು. ಒಂದು ಸುತ್ತು ಮುಗಿದರೆ ಹಳೆಯ ಚುಕ್ಕೆಗಳನ್ನು ಕೆರೆದು ಅಳಿಸಿ ಅದೇ ಪುಟಗಳಲ್ಲಿ ಮತ್ತೆ ಶುರು. ಕೆರೆದು ಕೆರೆದು ಕಾಗದ ತೂತುಬಿದ್ದಾಗ ಫ್ರಾಂಕ್ಲಿನ್ ಗೆರೆಗಳನ್ನು ದಂತದ ಹಾಳೆಗಳ ಮೇಲೆ ಅಳಿಯದ ಹಾಗೆ ಬರೆಸಿ, ಚುಕ್ಕೆಗಳನ್ನು ಮಾತ್ರ ಪೆನ್ಸಿಲಿನಲ್ಲಿ ಹಾಕತೊಡಗಿದ. ಒದ್ದೆ ಸ್ಪಂಜಿನಿಂದ ಒರೆಸಿದರೆ ಹೋಗುತ್ತಿತ್ತು. ಮರು ಆರಂಭಕ್ಕೆಂದೇ ಮಾಡಿದ ಸಾಧನ ಎನ್ನಬಹುದು. ಅಚ್ಚುಕಟ್ಟು ಎಂಬ ಗುಣ ಮಾತ್ರ ಆತನಿಗೆ ಕೊನೆಯವರೆಗೂ ಒಲಿಯಲಿಲ್ಲ. ವರ್ಷಕ್ಕೆ ನಾಲ್ಕಿದ್ದ ಸುತ್ತು ಒಂದಾಗಿ, ಮುಂದೆ ಹಲವು ವರ್ಷಕ್ಕೊಂದಾಗಿ, ಪ್ರಯಾಣ ಮತ್ತು ವಿದೇಶದ ಕೆಲಸಗಳ ನಡುವೆ ನಿಂತೂ ಹೋಯಿತು. ಆದರೂ ಪುಸ್ತಕವನ್ನು ಜೊತೆಯಲ್ಲಿ ಇಟ್ಟುಕೊಂಡೇ ಇದ್ದುದಾಗಿ ಆತ್ಮಕಥೆಯಲ್ಲಿ ಒಪ್ಪಿಕೊಳ್ಳುತ್ತಾನೆ.

ಅದೇ ಶತಮಾನದ ಇಂಗ್ಲಿಷ್ ಬರಹಗಾರ ಸ್ಯಾಮ್ಯುಯೆಲ್ ಜಾನ್ಸನ್ ಸಂಕಲ್ಪಗಳ ಲೆಕ್ಕದಲ್ಲಿ ಫ್ರಾಂಕ್ಲಿನ್‌ಗಿಂತ ಸೋತವನು, ಮನುಷ್ಯನಾಗಿ ಹೆಚ್ಚು ಹತ್ತಿರದವನು. ಹೊಸ ವರ್ಷಕ್ಕೆ, ಈಸ್ಟರ್‌ಗೆ, ತನ್ನ ಹುಟ್ಟುಹಬ್ಬಕ್ಕೆ, ಹೆಂಡತಿ ತೀರಿಕೊಂಡ ದಿನಕ್ಕೆ ಪ್ರತಿ ಸಲವೂ ಬೆಳಿಗ್ಗೆ ಬೇಗ ಏಳುವ ಸಂಕಲ್ಪ ಬರೆದುಕೊಳ್ಳುತ್ತಿದ್ದ. ಬೇಗ ಎಂದರೆ ಎಂಟು ಗಂಟೆಗೆ, ಅದೂ ಆಗುತ್ತಿರಲಿಲ್ಲ. 1764ರ ಹುಟ್ಟುಹಬ್ಬದಂದು, ಐವತ್ತೈದು ವರ್ಷ ಬರೀ ಸಂಕಲ್ಪ ಮಾಡುವುದರಲ್ಲೇ ಕಳೆಯಿತು, ಏನನ್ನೂ ಸಾಧಿಸಲಿಲ್ಲ ಎಂಬರ್ಥದಲ್ಲಿ ಬರೆದುಕೊಂಡ. ಆ ಹೊತ್ತಿಗೆ 40,000ಕ್ಕೂ ಹೆಚ್ಚು ಪದಗಳ ಆತನ ಇಂಗ್ಲಿಷ್ ನಿಘಂಟು ಹೊರಬಂದು ಒಂಬತ್ತು ವರ್ಷವಾಗಿತ್ತು. ಒಂದು ಸಂಕಲ್ಪ ಮುರಿದ ಬೇಸರ ಬದುಕಿನ ಉಳಿದ ದುಡಿಮೆಯನ್ನೆಲ್ಲ ಹೇಗೆ ಮರೆಮಾಡುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಸಿಗುವುದು ಕಷ್ಟ. ಹನ್ನೊಂದು ವರ್ಷದ ನಂತರ, 1775ರಲ್ಲಿ, ಇಷ್ಟು ಸಲ ಮುರಿದರೂ ಮತ್ತೆ ಯಾಕೆ ಸಂಕಲ್ಪ ಮಾಡುತ್ತೇನೆ ಎಂದು ತನ್ನನ್ನೇ ಕೇಳಿಕೊಂಡ. ತಿದ್ದಿಕೊಳ್ಳುವುದು ಅಗತ್ಯ, ನಿರಾಶೆ ಅಪರಾಧ ಎಂಬುದು ಆತ ಕಂಡುಕೊಂಡ ಉತ್ತರ.

ದಿನದ ಎಣಿಕೆ ಪ್ರಾಣದ ಪ್ರಶ್ನೆಯಾಗುವುದು ವ್ಯಸನಮುಕ್ತಿಯಲ್ಲಿ. ಕರ್ನಾಟಕದ ಊರೂರುಗಳಲ್ಲಿ ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಕುಡಿತ, ಬೀಡಿ, ಮಾಂಸ ಬಿಡುತ್ತಾರೆ. ಶ್ರಾವಣದಲ್ಲಿ ಬಿಡುವವರೂ ಇದ್ದಾರೆ. ಮಾಲೆ ತೆಗೆದ ವಾರದೊಳಗೆ ಎಷ್ಟೋ ಮಂದಿ ಹಳೆಯ ಅಂಗಡಿಗೆ ಮರಳುವುದೂ ಎಲ್ಲರಿಗೂ ತಿಳಿದದ್ದೇ. ಇದನ್ನು ಕಪಟ ಎಂದು ಜರೆಯುವುದು ಸರಿಯಲ್ಲ. 41 ದಿನ ಇದ್ದವರು ತಾವು ಇರಬಲ್ಲೆವು ಎಂಬುದನ್ನು ತೋರಿಸಿಯಾಗಿದೆ. ಕೊರತೆ ಇದ್ದದ್ದು 42ನೆಯ ದಿನಕ್ಕೆ ಒಂದು ಏರ್ಪಾಡಿನದು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿಗಳಲ್ಲಿ ನಡೆಸುವ ಎಂಟು ದಿನದ ಮದ್ಯವರ್ಜನ ಶಿಬಿರಗಳು ಆ ಕೊರತೆಯನ್ನು ಗಮನಿಸಿವೆ. ಶಿಬಿರ ಮುಗಿದವರು ನವಜೀವನ ಸಮಿತಿಗಳಲ್ಲಿ ಆಗಾಗ ಸೇರುತ್ತಾರೆ. 1935ರಲ್ಲಿ ಅಮೆರಿಕದ ಏಕ್ರನ್‌ನಲ್ಲಿ ಹುಟ್ಟಿದ, ಕುಡಿತ ಬಿಡುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಬಲವೂ ಇಂಥ ಸಭೆಗಳೇ: ಒಂದೊಂದೇ ದಿನದ ಸಂಕಲ್ಪ, ಜಾರಿದರೆ ಸಭೆಗೆ ಬಂದು ಹೇಳಿ ಮತ್ತೆ ಒಂದನೆಯ ದಿನದಿಂದ ಎಣಿಕೆ.

ಒಂದನೆಯ ದಿನದಿಂದ ಎಣಿಸುವ ಈ ಪದ್ಧತಿ ಕುಡಿತಕ್ಕೆ ಹೊಂದೀತು, ಎಲ್ಲ ಗುರಿಗೂ ಅಲ್ಲ. ಹೆಂಗ್‌ಚೆನ್ ಡೈ 2018ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರರ ದಾಖಲೆಗಳನ್ನು ಹೋಲಿಸಿದಳು. ಒಂದು ಲೀಗ್‌ನಿಂದ ಇನ್ನೊಂದಕ್ಕೆ ಹೋದವರ ಆ ಋತುವಿನ ಅಂಕಿಅಂಶ ಸೊನ್ನೆಯಿಂದ ಶುರುವಾಗುತ್ತದೆ. ಅದೇ ಲೀಗ್‌ನೊಳಗೆ ತಂಡ ಬದಲಿಸಿದರೆ ಹಳೆಯ ಲೆಕ್ಕ ಮುಂದುವರಿಯುತ್ತದೆ. ಕೆಟ್ಟ ಆಟ ಆಡುತ್ತಿದ್ದವರಿಗೆ ಸೊನ್ನೆ ಒಳ್ಳೆಯದಾಯಿತು. ಚೆನ್ನಾಗಿ ಆಡುತ್ತಿದ್ದವರ ಆಟ ಸೊನ್ನೆಯಿಂದ ಕುಗ್ಗಿತು. ಗುರಿ ನಡೆಯುತ್ತಿರುವಾಗ ಹೊಸ ವರ್ಷದ ನೆಪದಲ್ಲಿ ಹಳೆಯ ವಹಿ ಮುಚ್ಚಿ ಹೊಸದನ್ನು ತೆರೆಯುವುದು ಇದರಿಂದಲೇ ಅಪಾಯಕಾರಿ. ನಾಲ್ಕು ತಿಂಗಳು ಸಂಗೀತ ಅಭ್ಯಾಸ ಮಾಡಿ ಮೂರು ವಾರ ಬಿಟ್ಟವರು ಮತ್ತೆ ಸರಳೆಯಿಂದ ಶುರು ಮಾಡುವ ಅಗತ್ಯವಿಲ್ಲ. ಬಿಟ್ಟ ವರ್ಣದ ಚರಣದಿಂದಲೇ ಹಿಡಿಯಬಹುದು. ಗಂಟಲು ಒಂದೆರಡು ದಿನ ಸತಾಯಿಸೀತು, ಕಲಿತದ್ದು ಎಲ್ಲಿಗೂ ಹೋಗಿರುವುದಿಲ್ಲ.

ಮುಂಗಾರು ಕೈಕೊಟ್ಟ ವರ್ಷ ಒಣಬೇಸಾಯದ ರೈತ ಮಾಡುವ ಮರುಬಿತ್ತನೆ ಈ ವಿಷಯದಲ್ಲಿ ಪುಸ್ತಕಗಳಿಗಿಂತ ಸ್ಪಷ್ಟ. ಮೊದಲ ಬಿತ್ತನೆ ಒಣಗಿತೆಂದು ಆತ ಮುಂದಿನ ಯುಗಾದಿಗೆ ಕಾಯುವುದಿಲ್ಲ. ಹಾಗೆಂದು ಅದೇ ಬೀಜವನ್ನು ಅದೇ ಲೆಕ್ಕದಲ್ಲಿ ಮತ್ತೆ ಚೆಲ್ಲುವುದೂ ಇಲ್ಲ. ಉಳಿದ ಮಳೆಯ ದಿನಗಳನ್ನು ಎಣಿಸುತ್ತಾನೆ. ದೀರ್ಘಾವಧಿಯ ರಾಗಿ ತಳಿಗೆ ಕಾಲ ಮೀರಿದರೆ ಅಲ್ಪಾವಧಿಯ ತಳಿ, ಅದಕ್ಕೂ ಮೀರಿದರೆ ಹುರುಳಿ. ಹುರುಳಿ ಬಂದರೆ ಅದೂ ಬೆಳೆಯೇ. ದಿನಕ್ಕೆ ಒಂದು ಗಂಟೆ ಓಡುವ ಗುರಿ ಮುರಿದವರು ಅದೇ ಒಂದು ಗಂಟೆಗೆ ಮತ್ತೆ ಕೈಹಾಕಿ ಎರಡನೆಯ ವಾರ ಮತ್ತೆ ಬೀಳುವುದು ಸಾಮಾನ್ಯ. ಇಪ್ಪತ್ತು ನಿಮಿಷದ ನಡಿಗೆಗೆ ಇಳಿಯಲು ಮಾನ ಅಡ್ಡ ಬರುತ್ತದೆ. ಟೊರಾಂಟೊದ ಜಾನೆಟ್ ಪೊಲಿವಿ ಮತ್ತು ಹರ್ಮನ್ 2002ರಲ್ಲಿ ಈ ಚಕ್ರವನ್ನೇ ಸುಳ್ಳು ಭರವಸೆಯ ರೋಗ ಎಂದು ಕರೆದರು. ಸೋತವರು ಪ್ರತಿ ಸಲವೂ ಎಷ್ಟು, ಎಷ್ಟು ಬೇಗ, ಎಷ್ಟು ಸುಲಭ ಎಂಬ ಮೂರು ಲೆಕ್ಕವನ್ನೂ ತಪ್ಪಾಗಿ ಹಾಕಿ, ಶುರುವಿನ ಸುಖಕ್ಕಾಗಿಯೇ ಮತ್ತೆ ಶುರು ಮಾಡುತ್ತಾರೆ ಎಂಬುದು ಅವರ ವಾದ. ಮರು ಆರಂಭವನ್ನು ಹೊಗಳುವವರು ಓದಲೇಬೇಕಾದ ಆಕ್ಷೇಪ ಇದು.

ಪರಿಸರ ಬದಲಾದಾಗ ಮರು ಆರಂಭ ಸುಲಭವಾಗುತ್ತದೆ ಎಂಬುದಕ್ಕೆ ದೊಡ್ಡ ಸಾಕ್ಷ್ಯ ವಿಯೆಟ್ನಾಂ ಯುದ್ಧದಿಂದ ಬಂತು. ಅಲ್ಲಿ ಹೆರಾಯಿನ್ ಚಟಕ್ಕೆ ಬಿದ್ದಿದ್ದ ಅಮೆರಿಕನ್ ಸೈನಿಕರನ್ನು ಸಂಶೋಧಕಿ ಲೀ ರಾಬಿನ್ಸ್ 1970ರ ದಶಕದಲ್ಲಿ ಊರಿಗೆ ಮರಳಿದ ಮೇಲೂ ಹಿಂಬಾಲಿಸಿದಳು. ಬಹುಪಾಲು ಮಂದಿ ಮತ್ತೆ ಚಟಕ್ಕೆ ಬೀಳಲಿಲ್ಲ. ಆ ಶಿಬಿರ, ಆ ಗೆಳೆಯರು, ಆ ಭಯ ಯಾವುದೂ ಊರಿನಲ್ಲಿರಲಿಲ್ಲ. ಸಣ್ಣ ಬದಲಾವಣೆಯೂ ಸಾಕು: 2014ರ ಫೆಬ್ರವರಿಯಲ್ಲಿ ಲಂಡನ್ನಿನ ಸುರಂಗ ರೈಲಿನ ಎರಡು ದಿನದ ಮುಷ್ಕರದಲ್ಲಿ ಬೇರೆ ದಾರಿ ಹುಡುಕಿಕೊಂಡ ಪ್ರಯಾಣಿಕರಲ್ಲಿ ಸುಮಾರು ಶೇಕಡ 5ರಷ್ಟು ಜನ ಮುಷ್ಕರ ಮುಗಿದ ಮೇಲೂ ಹೊಸ ದಾರಿಯನ್ನೇ ಉಳಿಸಿಕೊಂಡರು. ವರ್ಗಾವಣೆ, ಮನೆ ಬದಲಾವಣೆ, ನಿವೃತ್ತಿ ಇವು ಕ್ಯಾಲೆಂಡರಿನ ಯಾವ ಹಬ್ಬಕ್ಕಿಂತಲೂ ಒಳ್ಳೆಯ ಮೈಲಿಗಲ್ಲುಗಳು. ಎಚ್ಚರ ಬೇಕಾದ ಮಾತೂ ಒಂದಿದೆ. ಒಳ್ಳೆಯ ರೂಢಿಯೂ ಅದೇ ವರ್ಗಾವಣೆಯಲ್ಲಿ ತಪ್ಪಿಹೋಗುತ್ತದೆ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ದಿನವೂ ನಡೆಯುತ್ತಿದ್ದವರು ಬೇರೆ ಊರಿಗೆ ಹೋದ ಮೊದಲ ವಾರದಲ್ಲೇ ಹೊಸ ಜಾಗ ಗೊತ್ತುಮಾಡಿಕೊಳ್ಳದಿದ್ದರೆ ನಡಿಗೆ ಅಲ್ಲಿಗೆ ನಿಲ್ಲುತ್ತದೆ.

ಯಾವ ದಿನ ಬೇಕಾದರೂ ಮತ್ತೆ ಹಿಡಿಯಲು ಬೇಕಾದ ಸಿದ್ಧತೆಗಳಲ್ಲಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ಮನಶ್ಶಾಸ್ತ್ರಜ್ಞ ಪೀಟರ್ ಗಾಲ್‌ವಿಟ್ಸರ್ ಹೇಳಿದ 'ಹೀಗಾದರೆ ಹೀಗೆ' ಎಂಬ ಮುಂಚಿನ ತೀರ್ಮಾನ. ಓದುತ್ತೇನೆ ಎನ್ನುವುದಕ್ಕಿಂತ, ರಾತ್ರಿ ಊಟದ ತಟ್ಟೆ ತೊಳೆದಿಟ್ಟ ಕೂಡಲೆ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಓದುತ್ತೇನೆ ಎನ್ನುವುದು ಹೆಚ್ಚು ಫಲ ಕೊಡುತ್ತದೆ. 94 ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2006ರ ವಿಶ್ಲೇಷಣೆ ಇದನ್ನು ಎತ್ತಿಹಿಡಿಯಿತು. ತಪ್ಪುವುದಕ್ಕೂ ಇದೇ ರೀತಿ ಮುಂಚೆಯೇ ಜಾಗ ಇಡಬಹುದು. ವಾರಕ್ಕೆ ಏಳು ದಿನದ ಗುರಿ ಇಟ್ಟು, ತುರ್ತಿಗೆಂದು ಎರಡು ದಿನದ ರಿಯಾಯಿತಿ ಪಡೆದವರು, ಐದು ದಿನದ ಗುರಿಯವರಿಗಿಂತಲೂ ರಿಯಾಯಿತಿ ಇಲ್ಲದ ಏಳು ದಿನದವರಿಗಿಂತಲೂ ಚೆನ್ನಾಗಿ ನಡೆಸಿದ್ದನ್ನು ಮರಿಸ್ಸಾ ಶರೀಫ್ ಮತ್ತು ಸುಜಾನ್ ಶು 2017ರಲ್ಲಿ ತೋರಿಸಿದರು. ನೌಕರರಿಗೆ ಸಾಂದರ್ಭಿಕ ರಜೆ ಇರುವ ಹಾಗೆ ಸಂಕಲ್ಪಕ್ಕೂ ರಜೆಯ ಖಾತೆ ಇದ್ದರೆ, ಒಂದು ದಿನ ತಪ್ಪಿದ್ದು ಸೋಲಾಗದೆ ಖರ್ಚಾಗುತ್ತದೆ.

ಸಂಸ್ಥೆಗಳೂ ಇದನ್ನು ಒಪ್ಪತೊಡಗಿವೆ. ಕರ್ನಾಟಕದಲ್ಲಿ 2024ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ನಡೆಸಿ, ಹೆಚ್ಚಿನ ಅಂಕವನ್ನು ಉಳಿಸಿಕೊಳ್ಳುವ ಪದ್ಧತಿ ಬಂತು. 'ಸಪ್ಲಿಮೆಂಟರಿ' ಎಂಬ ಹಣೆಪಟ್ಟಿ ಹೋಗಿ ಅದೇ ಪರೀಕ್ಷೆಗೆ 2, 3 ಎಂಬ ಸಂಖ್ಯೆ ಬಂದದ್ದು ಮೇಲ್ನೋಟಕ್ಕೆ ಚಿಕ್ಕದು, ಮನೆಯಲ್ಲಿ ಕೂತು ಕೊರಗುವ ಹದಿನಾರರ ಹುಡುಗನಿಗೆ ಚಿಕ್ಕದಲ್ಲ. ತೀರ ತಡವಾಗಿ ಬಂದವರಿಗೂ ಬಾಗಿಲು ತೆರೆದದ್ದುಂಟು: ಕೇರಳದ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, 96ನೆಯ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆಯಲ್ಲಿ 100ಕ್ಕೆ 98 ಅಂಕ ಪಡೆದು ಮೊದಲಿಗರಾದರು. ಅವರು ಚಿಕ್ಕಂದಿನಲ್ಲಿ ಶಾಲೆಗೆ ಹೋದವರಲ್ಲ.

ಎಲ್ಲ ಬಾಗಿಲೂ ಹೀಗೆ ತೆರೆದಿರುವುದಿಲ್ಲ ಎಂಬುದನ್ನೂ ಹೇಳಬೇಕು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಗೆ ಸಾಮಾನ್ಯ ವರ್ಗದವರಿಗೆ 32 ವರ್ಷದ ಮಿತಿ, ಆರು ಪ್ರಯತ್ನ. ಉಳಿತಾಯದಲ್ಲಿ ತಡ ಮಾಡಿದ್ದಕ್ಕೆ ಬೆಲೆ ತೆರಲೇಬೇಕು: ತಿಂಗಳಿಗೆ 1,000 ರೂಪಾಯಿಯನ್ನು ವರ್ಷಕ್ಕೆ ಶೇಕಡ 8ರಂತೆ, ತಿಂಗಳ ಚಕ್ರಬಡ್ಡಿಯಲ್ಲಿ, 30ನೆಯ ವಯಸ್ಸಿನಿಂದ ಕಟ್ಟಿದರೆ 60ಕ್ಕೆ ಸುಮಾರು 14.9 ಲಕ್ಷ, 40ರಿಂದ ಕಟ್ಟಿದರೆ ಸುಮಾರು 5.9 ಲಕ್ಷ. ನಲವತ್ತರಲ್ಲಿ ಶುರು ಮಾಡುವುದು ಐವತ್ತರವರೆಗೆ ಕಾಯುವುದಕ್ಕಿಂತ ಮೇಲು ಎಂಬುದು ಈ ಲೆಕ್ಕದಿಂದಲೇ ಹೊರಡುತ್ತದೆ, ಆದರೆ ಕಳೆದ ಹತ್ತು ವರ್ಷವನ್ನು ಯಾವ ಹುರುಪೂ ಮರಳಿ ತರುವುದಿಲ್ಲ.

ಕೆಲವು ಗುರಿಗಳಂತೂ ಬಿಟ್ಟೇ ಬಿಡಬೇಕಾದವು. ಕಾರ್ಸ್ಟನ್ ವ್ರೋಶ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಕೈಗೆಟುಕದ ಗುರಿಯಿಂದ ಹಿಂದೆ ಸರಿದು ಇನ್ನೊಂದನ್ನು ಹಿಡಿಯಬಲ್ಲವರ ಮನಸ್ಸು ಹೆಚ್ಚು ನೆಮ್ಮದಿಯಾಗಿತ್ತು. ಹಿಂದೆ ಸರಿಯುವುದು, ಹೊಸದನ್ನು ಹಿಡಿಯುವುದು ಎರಡೂ ಬೇರೆಬೇರೆ ಸಾಮರ್ಥ್ಯಗಳೆಂದು ಅವರು ಗುರುತಿಸಿದರು. ಮಂಡಿ ಸವೆದು ಓಟ ಬಿಟ್ಟವರು ಈಜಿಗೆ ಇಳಿದರೆ ಅದನ್ನು ಓಟದ ಸೋಲೆಂದು ಎಣಿಸಬೇಕಾಗಿಲ್ಲ. ಹಟಕ್ಕೆ ಓಡುತ್ತಲೇ ಹೋದವರ ಸುದ್ದಿ ಮೂಳೆ ವೈದ್ಯರ ಹೊರರೋಗಿ ವಿಭಾಗದ ಸಾಲಿನಲ್ಲಿ ಸಿಗುತ್ತದೆ.